ಕಣ್ಣು ಮುಚ್ಚಿ ನಿಂತಾಗಿನ ಸಮತೋಲ: ಸೋಮವಾರದ ಅಳತೆಯನ್ನು ನಂಬಬೇಕೇ, ಗುರುವಾರದ್ದನ್ನೇ?

ಹೆಜ್ಜೆಗುರುತು · ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಅವರಲ್ಲೂ ಹಲವರಿಗೆ ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಮಂಕಾಗಿದೆ. "ಹಗಲಿನಲ್ಲಿ ಸರಿಯಾಗಿಯೇ ಓಡಾಡುತ್ತೇನೆ, ರಾತ್ರಿ ಕರೆಂಟು ಹೋದರೆ ಗೋಡೆ ಹಿಡಿಯದೆ ಹೆಜ್ಜೆ ಇಡಲಾರೆ" ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆದ್ದರಿಂದ ಕಣ್ಣಿನ ನೆರವಿಲ್ಲದೆ ಅವರು ಎಷ್ಟು ಸ್ಥಿರವಾಗಿ ನಿಲ್ಲಬಲ್ಲರು ಎಂಬುದನ್ನು ಅಳೆಯುವುದು ನನಗೆ ಮುಖ್ಯ.

ನನ್ನ ಬಳಿ ಇರುವ ಉಪಕರಣ ಒಂದು ಸ್ಟಾಪ್‌ವಾಚ್ ಮಾತ್ರ. ಬರಿಗಾಲಿನಲ್ಲಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳುಗಳು ತಾಗುವಂತೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಹೆಜ್ಜೆ ತಪ್ಪುವವರೆಗೆ ಸೆಕೆಂಡು ಎಣಿಸುತ್ತೇನೆ. ಅರವತ್ತೆಂಟು ವರ್ಷದ ಹಿರಿಯರೊಬ್ಬರು ಸೋಮವಾರ 14 ಸೆಕೆಂಡು ನಿಂತರು, ಗುರುವಾರ 27 ಸೆಕೆಂಡು ನಿಂತರು, ಮತ್ತೆ ಮುಂದಿನ ಸೋಮವಾರ 11ಕ್ಕೆ ಇಳಿದರು. ವ್ಯಾಯಾಮದಿಂದ ಗುಣ ಕಾಣುತ್ತಿದೆಯೇ ಎಂದು ಅವರ ಮಗ ಕೇಳಿದರೆ ಪ್ರಾಮಾಣಿಕವಾಗಿ ಉತ್ತರಿಸಲು ನನಗೆ ಸಾಧ್ಯವಾಗಲಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಳ್ಳುವ ಶಕ್ತಿ ನನಗಿಲ್ಲ. ನಂಬಬಹುದಾದ ಅಳತೆಯನ್ನು ಹೇಗೆ ತೆಗೆಯಬೇಕು?

ನರಮಂಡಲ · ಭಾನುವಾರ, ಬೆಳಿಗ್ಗೆ 8:25

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ, ಮೇಡಂ. ನಾನು ನಿವೃತ್ತ ನರರೋಗ ವೈದ್ಯ. ಮೊದಲು ಈ ಪರೀಕ್ಷೆ ಏತಕ್ಕಾಗಿ ಹುಟ್ಟಿತು ಎಂಬುದನ್ನು ನೆನಪಿಸಿಕೊಳ್ಳೋಣ. ಬರ್ಲಿನ್ನಿನ ಮೊರಿಟ್ಸ್ ರೋಂಬರ್ಗ್ 1840ರ ದಶಕದಲ್ಲಿ ಬರೆದ ನರರೋಗಗಳ ಗ್ರಂಥದಲ್ಲಿ, ಬೆನ್ನುಹುರಿಯ ಕಾಯಿಲೆಯಿದ್ದ ರೋಗಿಗಳು ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ವಿವರಿಸಿದರು. ಕಣ್ಣು ತೆರೆದು ನಿಲ್ಲಬಲ್ಲವನು ಮುಚ್ಚಿದಾಗ ನಿಲ್ಲಲಾರನೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಉತ್ತರ ಹೌದು ಎಂದಾದರೆ, ಕಾಲುಗಳು ಎಲ್ಲಿವೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಮಾರ್ಗದಲ್ಲಿ ಅಥವಾ ಒಳಕಿವಿಯಲ್ಲಿ ತೊಂದರೆ ಇರಬಹುದು. ಕಿರುಮಿದುಳಿನ ತೊಂದರೆಯಿದ್ದವರು ಸಾಮಾನ್ಯವಾಗಿ ಕಣ್ಣು ತೆರೆದಿದ್ದಾಗಲೂ ತೂರಾಡುತ್ತಾರೆ. ಆದ್ದರಿಂದ ಕಣ್ಣು ತೆರೆದ ಅಳತೆಯನ್ನು ತೆಗೆಯದೆ ಬರಿಯ ಮುಚ್ಚಿದ ಅಳತೆಯನ್ನು ಬರೆದಿಟ್ಟರೆ ಅರ್ಧ ವಾಕ್ಯ ಬರೆದಂತೆ.

ಇನ್ನೊಂದು ಮಾತು. ಮುಖ ತೊಳೆಯುವಾಗ ಸೋಪು ಹಚ್ಚಿ ಕಣ್ಣು ಮುಚ್ಚಿದ ಗಳಿಗೆಯಲ್ಲಿ ಮುಂದಕ್ಕೆ ಮುಗ್ಗರಿಸುತ್ತೀರಾ ಎಂದು ಅವರನ್ನು ಕೇಳಿ. ಈ ಲಕ್ಷಣ ವೈದ್ಯಕೀಯದಲ್ಲಿ ಬಹಳ ಹಳೆಯದು, ಇಂದಿಗೂ ಉಪಯುಕ್ತವಾದದ್ದು. ಸಕ್ಕರೆ ಕಾಯಿಲೆಯೆಂದು ಎಲ್ಲವನ್ನೂ ಅದರ ತಲೆಗೆ ಕಟ್ಟದೆ, ವಿಟಮಿನ್ ಬಿ12 ಮಟ್ಟವನ್ನೂ ಪರೀಕ್ಷಿಸಲು ಹೇಳಿ. ಸಂಪೂರ್ಣ ಸಸ್ಯಾಹಾರಿಗಳಲ್ಲೂ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಅದು ಕುಸಿದಿರುವ ಸಂಭವವಿದೆ, ಆ ಕೊರತೆಯೂ ಇದೇ ನರಮಾರ್ಗವನ್ನು ಕೆಡಿಸುತ್ತದೆ.

ಎರಡನೇ_ವರ್ಷ · ಭಾನುವಾರ, ಬೆಳಿಗ್ಗೆ 8:31

ಹಾಗಾದರೆ ಸೆಕೆಂಡು ಎಣಿಸುವುದೇ ತಪ್ಪೇ, ಸರ್?

ನರಮಂಡಲ · ಭಾನುವಾರ, ಬೆಳಿಗ್ಗೆ 8:50

ತಪ್ಪಲ್ಲ. ಇದೆಯೋ ಇಲ್ಲವೋ ಎಂದು ತಿಳಿಯಲು ಕಟ್ಟಿದ ಪರೀಕ್ಷೆಯನ್ನು ಎಷ್ಟು ಎಂದು ತಿಳಿಯಲು ಬಳಸಿದಾಗ ಹೆಚ್ಚಿನ ಶಿಸ್ತು ಬೇಕಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಸರಾಸರಿ · ಭಾನುವಾರ, ಬೆಳಿಗ್ಗೆ 10:05

ನಾನು ಸಂಖ್ಯಾಶಾಸ್ತ್ರ ಕಲಿಸುವವನು, ರೋಗಿಗಳ ಬಗ್ಗೆ ಮಾತನಾಡುವ ಅರ್ಹತೆ ನನಗಿಲ್ಲ, ಅಳತೆಯ ಬಗ್ಗೆ ಮಾತ್ರ ಹೇಳುತ್ತೇನೆ. 14, 27, 11 ಎಂಬ ಮೂರು ಅಂಕಿಗಳಲ್ಲಿ ಯಾವುದು ನಿಜ ಎಂಬ ಪ್ರಶ್ನೆಗಿಂತ ಮೊದಲು, ಏನೂ ಬದಲಾಗದಿದ್ದಾಗಲೂ ಈ ಅಳತೆ ಎಷ್ಟು ಅಲುಗಾಡುತ್ತದೆ ಎಂಬುದು ತಿಳಿಯಬೇಕು. ಅದಕ್ಕೊಂದು ಲೆಕ್ಕವಿದೆ. ರೋಗಿಗಳ ನಡುವಣ ಪ್ರಮಾಣ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ) 10 ಸೆಕೆಂಡು ಎಂದೂ ಮರುಅಳತೆಯ ವಿಶ್ವಾಸಾರ್ಹತಾ ಗುಣಾಂಕ (ಮತ್ತೆ ಅಳೆದಾಗ ಅಂಕಿಗಳು ಎಷ್ಟು ತಾಳೆಯಾಗುತ್ತವೆ ಎಂಬುದು; ಪೂರ್ತಿ ತಾಳೆಯಾದರೆ 1) 0.75 ಎಂದೂ ಭಾವಿಸಿಕೊಳ್ಳಿ. ಒಂದರಿಂದ 0.75 ಕಳೆದರೆ 0.25, ಅದರ ವರ್ಗಮೂಲ 0.5, ಹತ್ತರಿಂದ ಗುಣಿಸಿದರೆ 5 ಸೆಕೆಂಡು. ಇದು ಅಳತೆಯ ಪ್ರಮಾಣ ದೋಷ, ಅಂದರೆ ಏನೂ ಬದಲಾಗದಿದ್ದರೂ ಒಂದು ಅಳತೆ ಸಾಮಾನ್ಯವಾಗಿ ಅಲುಗಾಡುವ ಪ್ರಮಾಣ. ಇದನ್ನು 1.96ರಿಂದಲೂ ಎರಡರ ವರ್ಗಮೂಲದಿಂದಲೂ ಗುಣಿಸಿದರೆ ಸುಮಾರು 14 ಸೆಕೆಂಡು ಬರುತ್ತದೆ. ಅಂದರೆ ಎರಡು ಅಳತೆಗಳ ನಡುವೆ 14 ಸೆಕೆಂಡಿಗಿಂತ ಹೆಚ್ಚು ಅಂತರವಿಲ್ಲದಿದ್ದರೆ ಅದನ್ನು ನಿಜವಾದ ಬದಲಾವಣೆ ಎಂದು ಧೈರ್ಯವಾಗಿ ಹೇಳಲಾಗದು. ನಿಮ್ಮ ಹಿರಿಯರ 14ರಿಂದ 27ರ ಜಿಗಿತವೂ ಆ ಗಡಿಯೊಳಗೇ ಉಳಿಯುತ್ತದೆ.

ಒಂದೇ ಅಳತೆಯ ಬದಲು ಮೂರರ ಸರಾಸರಿ ಹಿಡಿದರೆ ಗುಣಾಂಕ 0.9ರ ಹತ್ತಿರ ಏರುತ್ತದೆ, ಉಳಿದದ್ದು ಹಾಗೆಯೇ ಇದ್ದರೆ ಆ ಗಡಿ ಸುಮಾರು 9 ಸೆಕೆಂಡಿಗೆ ಇಳಿಯುತ್ತದೆ.

ತಕ್ಕಡಿಮುಳ್ಳು · ಭಾನುವಾರ, ಬೆಳಿಗ್ಗೆ 10:40

ಲೆಕ್ಕ ಸರಿಯಾಗಿದೆ, ಆದರೆ ಅದರ ಹಿಂದಿನ ಅಂಕಿಗಳು ಭಾವಿಸಿಕೊಂಡವು ಎಂಬುದನ್ನು ಓದುಗರು ಮರೆಯಬಾರದು. ಒಂದೇ ದಿನ ಮೂರು ಬಾರಿ ಅಳೆದರೆ ಆ ದಿನದೊಳಗಿನ ಏರಿಳಿತ ಮಾತ್ರ ಸರಾಸರಿಯಲ್ಲಿ ಕರಗುತ್ತದೆ. ಹಿಂದಿನ ರಾತ್ರಿಯ ನಿದ್ದೆ, ಮಾತ್ರೆಯ ಹೊತ್ತು, ಬೆಳಗಿನ ಆಯಾಸ ಮುಂತಾದ ದಿನದಿಂದ ದಿನಕ್ಕೆ ಬದಲಾಗುವ ಕಾರಣಗಳು ಹಾಗೆಯೇ ಉಳಿಯುತ್ತವೆ.

ಸರಾಸರಿ · ಭಾನುವಾರ, ಬೆಳಿಗ್ಗೆ 10:52

ಒಪ್ಪಿದೆ, ನನ್ನ ಮಾತಿನಲ್ಲಿ ಆ ಎಚ್ಚರಿಕೆ ಇರಬೇಕಿತ್ತು. ಆದ್ದರಿಂದಲೇ ಮೇಡಂ ಅವರು ತಮ್ಮದೇ ಹತ್ತು ಹದಿನೈದು ರೋಗಿಗಳನ್ನು, ಚಿಕಿತ್ಸೆ ಆರಂಭವಾಗುವ ಮುನ್ನ, ವಾರದ ಅಂತರದಲ್ಲಿ ಎರಡು ದಿನ ಒಂದೇ ಹೊತ್ತಿಗೆ ಅಳೆಯಬೇಕು. ಆಗ ಬರುವ ಅಂಕಿ ಅವರ ಕೋಣೆಯದ್ದೇ ಆಗಿರುತ್ತದೆ.

ಒಳಕಿವಿ · ಭಾನುವಾರ, ಮಧ್ಯಾಹ್ನ 12:15

ಮೈಸೂರಿನಲ್ಲಿ ಶ್ರವಣಶಾಸ್ತ್ರ ಓದಿ, ಈಗ ತಲೆಸುತ್ತಿನ ರೋಗಿಗಳನ್ನು ನೋಡುತ್ತಿದ್ದೇನೆ. ಲೆಕ್ಕಕ್ಕೆ ಹೋಗುವ ಮೊದಲು ಕೋಣೆಯನ್ನು ನೋಡಬೇಕು ಎನ್ನುವವಳು ನಾನು.

ದೇಹ ನೆಟ್ಟಗೆ ನಿಲ್ಲಲು ಮೂರು ಮೂಲಗಳಿಂದ ಸುದ್ದಿ ಪಡೆಯುತ್ತದೆ: ಕಣ್ಣು, ಒಳಕಿವಿ, ಮತ್ತು ಪಾದ ಹಾಗೂ ಕೀಲುಗಳ ಸಂವೇದನೆ. ಕಣ್ಣು ಮುಚ್ಚಿಸಿದಾಗ ಉಳಿದೆರಡರ ಒಟ್ಟು ಕೆಲಸ ತಿಳಿಯುತ್ತದೆ, ಅವುಗಳಲ್ಲಿ ಯಾವುದು ಸೋತಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿಯೇ 1986ರಲ್ಲಿ ಶಮ್‌ವೇ-ಕುಕ್ ಮತ್ತು ಹೊರಾಕ್ ಎಂಬ ಇಬ್ಬರು ಅಮೆರಿಕನ್ ಫಿಸಿಯೋಥೆರಪಿಸ್ಟರು ಫೋಮ್ ದಿಂಬಿನ ಮೇಲೆ ನಿಲ್ಲಿಸುವ ವಿಧಾನವನ್ನು ಮುಂದಿಟ್ಟರು. ಈಗ ಹೆಚ್ಚಾಗಿ ಬಳಸುವ ಸರಳ ರೂಪದಲ್ಲಿ ನಾಲ್ಕು ಸ್ಥಿತಿಗಳಿವೆ: ಗಟ್ಟಿ ನೆಲದ ಮೇಲೆ ಕಣ್ಣು ತೆರೆದು ಮತ್ತು ಮುಚ್ಚಿ, ಫೋಮ್ ಮೇಲೆ ಕಣ್ಣು ತೆರೆದು ಮತ್ತು ಮುಚ್ಚಿ, ಪ್ರತಿಯೊಂದೂ 30 ಸೆಕೆಂಡು. ಫೋಮ್ ಪಾದದ ಸುದ್ದಿಯನ್ನು ಮಸುಕಾಗಿಸುವುದರಿಂದ ನಾಲ್ಕನೆಯ ಸ್ಥಿತಿಯಲ್ಲಿ ಭಾರವೆಲ್ಲ ಹೆಚ್ಚುಕಡಿಮೆ ಒಳಕಿವಿಯ ಮೇಲೆ ಬೀಳುತ್ತದೆ. ಗಟ್ಟಿ ನೆಲದ ಮೇಲೆ ಕಣ್ಣು ಮುಚ್ಚಿದಾಗಲೇ ಕುಸಿಯುವವರು ಮತ್ತು ಫೋಮ್ ಮೇಲೆ ಮಾತ್ರ ಕುಸಿಯುವವರು ಒಂದೇ ಬಗೆಯ ರೋಗಿಗಳಲ್ಲ.

ಮೇಡಂ, ನನ್ನದೊಂದು ನೇರ ಪ್ರಶ್ನೆ. ಪರೀಕ್ಷೆಯ ಹೊತ್ತಿನಲ್ಲಿ ಆ ಹಿರಿಯರ ಕೈಗಳು ಎಲ್ಲಿದ್ದವು? ನೀವು ಎಲ್ಲಿ ನಿಂತಿದ್ದಿರಿ? ಗುರುವಾರ ಏನಾದರೂ ಬೇರೆಯಾಗಿತ್ತೇ?

ಅಂಗಳದಾಟ · ಭಾನುವಾರ, ಮಧ್ಯಾಹ್ನ 1:30

ನಾವು ಹಾಕಿ ಆಟಗಾರರಿಗೆ ತಲೆಗೆ ಪೆಟ್ಟು ಬಿದ್ದಾಗ ಸೆಕೆಂಡುಗಳನ್ನಲ್ಲ, ತಪ್ಪುಗಳನ್ನು ಎಣಿಸುತ್ತೇವೆ. ಎರಡು ಕಾಲು ಜೋಡಿಸಿ, ಒಂಟಿ ಕಾಲಿನಲ್ಲಿ, ಹಿಮ್ಮಡಿಗೆ ಬೆರಳು ತಾಗಿಸಿ ಎಂಬ ಮೂರು ನಿಲುವುಗಳು. ಗಟ್ಟಿ ನೆಲ ಮತ್ತು ಫೋಮ್ ಎಂಬ ಎರಡು ನೆಲೆಗಳು. ಒಟ್ಟು ಆರು ಬಾರಿ 20 ಸೆಕೆಂಡು, ಎಲ್ಲವೂ ಸೊಂಟದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ. ಕಣ್ಣು ತೆರೆದರೆ ಒಂದು ತಪ್ಪು, ಕೈ ಸೊಂಟ ಬಿಟ್ಟರೆ ಒಂದು, ಹೆಜ್ಜೆ ತಪ್ಪಿದರೆ ಒಂದು, ಹಿಮ್ಮಡಿ ಎದ್ದರೆ ಒಂದು. ಒಂದು ನಿಲುವಿಗೆ ಹತ್ತು ತಪ್ಪುಗಳೇ ಗರಿಷ್ಠ. ದುಡ್ಡು ಖರ್ಚಾಗುವುದಿಲ್ಲ. ಮೇಡಂ ಇದನ್ನೇ ಬಳಸಬಹುದಲ್ಲವೇ?

ಎರಡನೇ_ವರ್ಷ · ಭಾನುವಾರ, ಮಧ್ಯಾಹ್ನ 1:44

ಅರವತ್ತೆಂಟರ ಹಿರಿಯರನ್ನು ಫೋಮ್ ಮೇಲೆ ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿಸಿ ನಿಲ್ಲಿಸುವುದು ಅಪಾಯವಲ್ಲವೇ, ಸರ್?

ಅಂಗಳದಾಟ · ಭಾನುವಾರ, ಮಧ್ಯಾಹ್ನ 2:02

ನೀವು ಹೇಳಿದ್ದು ನಿಜ. ಆ ನಿಲುವನ್ನು ಅವರ ಮೇಲೆ ಪ್ರಯೋಗಿಸಬಾರದು. ಜೊತೆಗೆ ಇನ್ನೊಂದು ಕೊರತೆಯನ್ನೂ ನಾನೇ ಹೇಳಿಬಿಡುತ್ತೇನೆ: ನಾನು ಎಣಿಸಿದ ತಪ್ಪುಗಳಿಗೂ ನನ್ನ ಸಹೋದ್ಯೋಗಿ ಎಣಿಸಿದ ತಪ್ಪುಗಳಿಗೂ ಎಷ್ಟೋ ಬಾರಿ ತಾಳೆಯಾಗುವುದಿಲ್ಲ. ಈಗ ಮೊಬೈಲಿನಲ್ಲಿ ಚಿತ್ರೀಕರಿಸಿ, ಒಬ್ಬರೇ ಕುಳಿತು ಎಣಿಸುತ್ತೇವೆ. ಯಾರು ಅಳೆದರು ಎಂಬುದೂ ದಾಖಲೆಯಲ್ಲಿ ಇರಬೇಕಾದ ಸಂಗತಿ.

ವೃಕ್ಷಾಸನ · ಭಾನುವಾರ, ಸಂಜೆ 4:20

ನನ್ನ ಯೋಗ ತರಗತಿಗೆ ಬರುವ ಎಪ್ಪತ್ತರ ಹಿರಿಯರು ವೃಕ್ಷಾಸನದಲ್ಲಿ ಒಂದು ನಿಮಿಷ ನಿಲ್ಲುತ್ತಾರೆ. ಅಭ್ಯಾಸವಿದ್ದರೆ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ಅನುಭವ.

ಒಳಕಿವಿ · ಭಾನುವಾರ, ಸಂಜೆ 4:41

ಅವರು ಎದುರಿನ ಗೋಡೆಯ ಒಂದು ಬಿಂದುವಿನ ಮೇಲೆ ದೃಷ್ಟಿ ನೆಟ್ಟು ನಿಲ್ಲುತ್ತಾರಲ್ಲವೇ? ಆ ಬಿಂದುವೇ ಅವರ ಊರುಗೋಲು. ಕಣ್ಣು ಮುಚ್ಚಿಸಿದರೆ ಅರವತ್ತು ದಾಟಿದ ಆರೋಗ್ಯವಂತರೂ ಒಂಟಿ ಕಾಲಿನಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡು ನಿಲ್ಲಬಲ್ಲರು. ಅಷ್ಟು ಚಿಕ್ಕ ಅಂಕಿಯಲ್ಲಿ ಸುಧಾರಣೆಯನ್ನು ಹುಡುಕುವುದು ಕಷ್ಟ, ಆದ್ದರಿಂದ ಆ ನಿಲುವು ಹಿರಿಯರ ಅಳತೆಗೆ ಸೂಕ್ತವಲ್ಲ. ಕಾಲು ಜೋಡಿಸಿ ನಿಲ್ಲುವ ಸುಲಭ ನಿಲುವಿನಲ್ಲಿ ಹೆಚ್ಚಿನವರು 30 ಸೆಕೆಂಡನ್ನೂ ಪೂರೈಸಿಬಿಡುವುದರಿಂದ ಅಲ್ಲೂ ಸ್ಟಾಪ್‌ವಾಚ್ ಏನನ್ನೂ ಹೇಳುವುದಿಲ್ಲ. ರೋಗಿಗೆ ತಕ್ಕ ನಿಲುವನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ.

ವೃಕ್ಷಾಸನ · ಭಾನುವಾರ, ಸಂಜೆ 5:10

ನಾಳೆಯೇ ಕಣ್ಣು ಮುಚ್ಚಿಸಿ ನೋಡುತ್ತೇನೆ, ಗೋಡೆಯ ಪಕ್ಕದಲ್ಲಿ ನಿಲ್ಲಿಸಿಕೊಂಡೇ.

ಹೆಜ್ಜೆಗುರುತು · ಭಾನುವಾರ, ರಾತ್ರಿ 8:15

ಒಳಕಿವಿಯವರ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಯೋಚಿಸಿದೆ, ನನ್ನ ಸಹಾಯಕಿಯನ್ನೂ ಕೇಳಿದೆ. ಸೋಮವಾರಗಳಂದು ಆ ಹಿರಿಯರನ್ನು ಕೋಣೆಯ ನಡುವೆ ನಿಲ್ಲಿಸಿದ್ದೆವು. ಗುರುವಾರ ಮಳೆಗೆ ಜಗಲಿಯ ಬೆಂಚುಗಳನ್ನೆಲ್ಲ ಒಳಗೆ ತಂದಿದ್ದರಿಂದ ಜಾಗವಿರಲಿಲ್ಲ, ಅವರನ್ನು ಪರದೆಯ ಪಕ್ಕಕ್ಕೆ ನಿಲ್ಲಿಸಿದ್ದೆ. ಅವರ ಬೆರಳ ತುದಿ ಪರದೆಗೆ ತಾಗುತ್ತಿತ್ತು ಎಂದು ಸಹಾಯಕಿ ಹೇಳುತ್ತಾಳೆ. ಆದರೆ ಬರಿಯ ಬಟ್ಟೆ ಯಾರನ್ನು ಹಿಡಿದು ನಿಲ್ಲಿಸೀತು? ಅದು ಅಷ್ಟು ಮುಖ್ಯವೇ?

ತಕ್ಕಡಿಮುಳ್ಳು · ಭಾನುವಾರ, ರಾತ್ರಿ 8:33

ಬಹಳ ಮುಖ್ಯ. 1994ರಲ್ಲಿ ಜೆಕಾ ಮತ್ತು ಲ್ಯಾಕ್ನರ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ. ಬೆರಳ ತುದಿ ಒಂದು ನ್ಯೂಟನ್‌ಗಿಂತ ಕಡಿಮೆ ಬಲದಿಂದ, ಅಂದರೆ ನೂರು ಗ್ರಾಂ ತೂಕಕ್ಕೂ ಕಡಿಮೆ ಒತ್ತಡದಿಂದ, ಒಂದು ಸ್ಥಿರ ವಸ್ತುವನ್ನು ಮುಟ್ಟುತ್ತಿದ್ದರೆ ಕಣ್ಣು ಮುಚ್ಚಿದಾಗಿನ ಓಲಾಟ ಗಣನೀಯವಾಗಿ ಇಳಿಯುತ್ತದೆ. ಅಷ್ಟು ಸಣ್ಣ ಬಲ ದೇಹವನ್ನು ತಡೆದು ನಿಲ್ಲಿಸಲಾರದು, ದೇಹ ಯಾವ ಕಡೆಗೆ ವಾಲುತ್ತಿದೆ ಎಂಬ ಸುದ್ದಿಯನ್ನಷ್ಟೇ ಕೊಡುತ್ತದೆ, ಮಿದುಳಿಗೆ ಅಷ್ಟು ಸಾಕು. ಪರದೆ ತಾನೇ ಅಲುಗಾಡುವುದರಿಂದ ಅದರ ನೆರವು ಮೇಜಿನ ಅಂಚಿನಷ್ಟಿರಲಾರದು, ಆದರೂ ನಿಮ್ಮ 27 ಸೆಕೆಂಡಿನಲ್ಲಿ ಅದರ ಪಾಲು ಇರಬಹುದು.

ಬೀಳದಂತೆ ಕಾಯಲು ನೀವು ಅವರ ಅಂಗಿಯನ್ನೋ ಸೊಂಟವನ್ನೋ ಹಗುರವಾಗಿ ಹಿಡಿದಿರುತ್ತೀರಾದರೆ ಅದೂ ಇದೇ ಬಗೆಯ ಸುದ್ದಿಯೇ. ಕೈಗಳನ್ನು ಹತ್ತಿರದಲ್ಲಿಡಿ, ತಾಗಿಸಬೇಡಿ.

ಹೆಜ್ಜೆಗುರುತು · ಭಾನುವಾರ, ರಾತ್ರಿ 8:40

ಹನ್ನೊಂದು ವರ್ಷ ನಾನು ಸೊಂಟದ ಪಟ್ಟಿಯನ್ನು ಹಿಡಿದುಕೊಂಡೇ ಅಳೆದಿದ್ದೇನೆ. ಆ ದಾಖಲೆಗಳನ್ನು ನೆನೆದರೆ ಸಂಕಟವಾಗುತ್ತಿದೆ.

ನರಮಂಡಲ · ಭಾನುವಾರ, ರಾತ್ರಿ 9:02

ಸಂಕಟಪಡಬೇಡಿ, ಮೇಡಂ. ಅಷ್ಟು ವರ್ಷಗಳಲ್ಲಿ ನಿಮ್ಮ ಕೋಣೆಯಲ್ಲಿ ಯಾರೂ ಬಿದ್ದು ಸೊಂಟ ಮುರಿದುಕೊಂಡಿಲ್ಲವಾದರೆ ಅದಕ್ಕೆ ಆ ಹಿಡಿತವೇ ಕಾರಣವಿರಬಹುದು. ಸೀಲಿಂಗಿನಿಂದ ಸಡಿಲವಾಗಿ ಇಳಿಬಿಟ್ಟ ಸುರಕ್ಷತಾ ಪಟ್ಟಿ ಸಾಧ್ಯವಾದರೆ ಒಳ್ಳೆಯದು. ಇಲ್ಲವಾದರೆ ಹಿಂದೆ ಒಂದು, ಮುಂದೆ ಒಂದು ಕುರ್ಚಿಯಿಟ್ಟು, ಪಕ್ಕದಲ್ಲಿ ಇಬ್ಬರು ನಿಲ್ಲಲಿ.

ಬೆಳಕಿನಾಚೆ · ಸೋಮವಾರ, ಬೆಳಿಗ್ಗೆ 6:55

ನಾನು ಧಾರವಾಡದ ಕಡೆಯ ಶಿಕ್ಷಕ, ಹುಟ್ಟಿನಿಂದ ಕಣ್ಣು ಕಾಣದವನು, ಈ ಚರ್ಚೆಯನ್ನು ಪರದೆ ಓದುವ ತಂತ್ರಾಂಶದಿಂದ ಕೇಳಿಸಿಕೊಂಡೆ. ನಿಮ್ಮೆಲ್ಲರ ಮಾತಿನಲ್ಲಿ ಒಂದು ಊಹೆ ಅಡಗಿದೆ. ದೃಷ್ಟಿಯಿಲ್ಲದ ಸಮತೋಲ ಎಂದರೆ ಕಣ್ಣಿರುವವರು ಕಣ್ಣು ಮುಚ್ಚಿಕೊಂಡಾಗಿನ ಸಮತೋಲ ಎಂದೇ ಎಲ್ಲರೂ ತಿಳಿದಿದ್ದೀರಿ. ನನ್ನಂಥವನಿಗೆ ತೆರೆದ ಕಣ್ಣು, ಮುಚ್ಚಿದ ಕಣ್ಣು ಎಂಬ ಹೋಲಿಕೆಗೆ ಅರ್ಥವೇ ಇಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಒಂದು ಕಡೆ ನನ್ನನ್ನು ಪರೀಕ್ಷಿಸಿದವರು ಎರಡೂ ಅಳತೆ ತೆಗೆದು, ಭಾಗಿಸಿ, ದೃಷ್ಟಿಯ ಅವಲಂಬನೆ ಕಡಿಮೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಸಾಲನ್ನು ಮಗಳು ಓದಿ ಹೇಳಿದಾಗ ನನಗೆ ನೋವಾಯಿತು, ಏಕೆಂದರೆ ಅದನ್ನು ಬರೆದವರು ನನ್ನನ್ನು ನೋಡಿಯೇ ಇರಲಿಲ್ಲ.

ಕುರುಡು ಎಂಬ ಒಂದೇ ಪದದಲ್ಲಿ ಹಲವು ಸ್ಥಿತಿಗಳಿವೆ. ಅಂಧರ ಕ್ರಿಕೆಟ್ಟಿನಲ್ಲೇ, ದೃಷ್ಟಿ ಎಷ್ಟು ಉಳಿದಿದೆ ಎಂಬುದನ್ನು ನೋಡಿ, ಬಿ1, ಬಿ2, ಬಿ3 ಎಂದು ಮೂರು ವರ್ಗಗಳಿವೆ. ಕಿಟಕಿಯ ಬೆಳಕು ತಿಳಿಯುವವನಿಗೆ ಆ ಬೆಳಕೇ ಒಂದು ದಿಕ್ಕು. ಅಂಥವರನ್ನು ಪರೀಕ್ಷಿಸುವಾಗ ಬೆಳಕು ನುಸುಳದ ಕಣ್ಣುಪಟ್ಟಿ ಬೇಕು. ಮೂಗಿನ ಪಕ್ಕದ ಸಂದಿಯಿಂದಲೂ ಬೆಳಕು ಬರುತ್ತದೆ ಎಂಬುದನ್ನು ಕಣ್ಣಿರುವವರು ಮರೆಯುತ್ತಾರೆ.

ಶಬ್ದದ ಬಗ್ಗೆಯೂ ಹೇಳಬೇಕು. ಒಂದೇ ಕಡೆಯಿಂದ ಬರುವ ಫ್ಯಾನಿನ ಸದ್ದು ನನಗೆ ಗೋಡೆಯಷ್ಟು ಸ್ಪಷ್ಟ. ನೀವು ಎದುರಿಗೆ ನಿಂತು ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸಿದರೆ ನಿಮ್ಮ ದನಿಯೇ ನನಗೆ ದಾರಿ ತೋರಿಸುತ್ತದೆ. ಒಂದು ದಿನ ಎದುರು ನಿಂತು, ಇನ್ನೊಂದು ದಿನ ಪಕ್ಕದಲ್ಲಿ ನಿಂತು ಎಣಿಸಿದರೆ ಅವು ಬೇರೆ ಬೇರೆ ಪರೀಕ್ಷೆಗಳು.

ಒಳಕಿವಿ · ಸೋಮವಾರ, ಬೆಳಿಗ್ಗೆ 7:30

ಸರ್, ಈ ಮಾತು ನಮ್ಮ ಪಠ್ಯಕ್ಕೆ ಸೇರಬೇಕಾದದ್ದು. ದೃಷ್ಟಿಯಿಲ್ಲದವರಿಗೆ ಹೋಲಿಕೆಯನ್ನು ಗಟ್ಟಿ ನೆಲ ಮತ್ತು ಫೋಮ್ ನಡುವೆ ಮಾಡಬಹುದು, ಅಥವಾ ಬೆರಳು ತಾಗಿಸಿದಾಗ ಮತ್ತು ತಾಗಿಸದಿದ್ದಾಗ ಎಂದೂ ಮಾಡಬಹುದು. ಆ ವ್ಯಕ್ತಿಯ ಇಂದಿನ ಅಳತೆಯನ್ನು ಆ ವ್ಯಕ್ತಿಯ ಹಿಂದಿನ ಅಳತೆಯೊಂದಿಗೇ ಇಟ್ಟು ನೋಡಬೇಕು, ಕಣ್ಣು ಮುಚ್ಚಿದ ಕಣ್ಣುಳ್ಳವರ ಕೋಷ್ಟಕದೊಂದಿಗಲ್ಲ.

ತಕ್ಕಡಿಮುಳ್ಳು · ಸೋಮವಾರ, ಬೆಳಿಗ್ಗೆ 9:10

ಯಂತ್ರಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ, ಅದು ನನ್ನ ಕೆಲಸ. ಫೋರ್ಸ್ ಪ್ಲೇಟ್ ಎಂದರೆ ನಾಲ್ಕು ಮೂಲೆಗಳಲ್ಲಿ ಬಲದ ಸಂವೇದಕಗಳಿರುವ ಹಲಗೆ. ಮೇಲೆ ನಿಂತವರ ತೂಕ ಯಾವ ಬಿಂದುವಿನ ಮೂಲಕ ನೆಲಕ್ಕೆ ಇಳಿಯುತ್ತಿದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಹೇಳುತ್ತದೆ. ಅದನ್ನು ಒತ್ತಡ ಕೇಂದ್ರ ಎನ್ನೋಣ. ಆ ಬಿಂದು ನಡೆದ ದಾರಿಯ ಉದ್ದ, ಅದರ ಸರಾಸರಿ ವೇಗ, ಅದು ಆವರಿಸಿದ ಜಾಗ ಎಂಬ ಹಲವು ಅಂಕಿಗಳು ಒಂದೇ ನಿಲುವಿನಿಂದ ದೊರೆಯುತ್ತವೆ. ನನ್ನ ಅನುಭವದಲ್ಲಿ ಸರಾಸರಿ ವೇಗ ಹೆಚ್ಚು ನಂಬಿಕೆಯದು. ಒಂದೇ ಒಂದು ದೊಡ್ಡ ವಾಲಿಕೆ ಜಾಗದ ಅಂಕಿಯನ್ನು ಉಬ್ಬಿಸಿಬಿಡುತ್ತದೆ.

ಎಷ್ಟು ಹೊತ್ತು, ಎಷ್ಟು ಬಾರಿ ಎಂಬುದಕ್ಕೆ 2010ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಲೇಖನ) ಉತ್ತರ ಕೊಡುತ್ತದೆ: ಎರಡು ಕಾಲಿನ ನಿಲುವಿನಲ್ಲಿ ಸ್ವೀಕಾರಾರ್ಹ ವಿಶ್ವಾಸಾರ್ಹತೆ ಬೇಕಾದರೆ ಗಟ್ಟಿ ನೆಲದ ಮೇಲೆ, ಕಣ್ಣು ಮುಚ್ಚಿ, 90 ಸೆಕೆಂಡಿನ ಮೂರರಿಂದ ಐದು ದಾಖಲೆಗಳನ್ನು ತೆಗೆಯಬೇಕು. ಹಿರಿಯರಿಗೆ ಅಷ್ಟು ಹೊತ್ತು ನಿಲ್ಲುವುದೇ ಆಯಾಸವಾದರೆ ನಡುವೆ ಕೂರಿಸಬೇಕು.

ಕಡಿಮೆ ಬೆಲೆಯ ದಾರಿಯೂ ಇದೆ. ನಿಂಟೆಂಡೊ ಕಂಪನಿ 2007ರಲ್ಲಿ ಆಟಕ್ಕೆಂದು ತಂದ ವೀ ಬ್ಯಾಲೆನ್ಸ್ ಬೋರ್ಡಿನಲ್ಲೂ ನಾಲ್ಕು ಸಂವೇದಕಗಳಿವೆ. 2010ರಲ್ಲಿ ಸಂಶೋಧಕರು ಅದನ್ನು ಪ್ರಯೋಗಾಲಯದ ಹಲಗೆಯೊಂದಿಗೆ ಹೋಲಿಸಿ, ನಿಂತ ಸಮತೋಲದ ಅಳತೆಗೆ ಅದು ಒದಗುತ್ತದೆ ಎಂದು ಕಂಡರು. ಅದು ಲಂಬ ಬಲವನ್ನು ಮಾತ್ರ ಅಳೆಯುತ್ತದೆ, ದತ್ತಾಂಶವನ್ನು ಸಮಾನ ಅಂತರದಲ್ಲಿ ಕಳುಹಿಸುವುದಿಲ್ಲ, ಆದ್ದರಿಂದ ತಂತ್ರಾಂಶದಲ್ಲಿ ಸರಿಪಡಿಸಿಕೊಳ್ಳಬೇಕು. ಮೊಬೈಲಿನೊಳಗಿನ, ಅಲುಗಾಟವನ್ನು ಗುರುತಿಸುವ ವೇಗೋತ್ಕರ್ಷ ಸಂವೇದಕವನ್ನೂ ಬಳಸಬಹುದು, ಆದರೆ ಜೇಬಿನಲ್ಲಿಟ್ಟಲ್ಲ; ಬೆನ್ನಿನ ಕೆಳಭಾಗಕ್ಕೆ, ಸೊಂಟದ ಮಟ್ಟದಲ್ಲಿ, ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು.

ಎರಡನೇ_ವರ್ಷ · ಸೋಮವಾರ, ಬೆಳಿಗ್ಗೆ 9:25

ಓಲಾಟ ಕಡಿಮೆಯಾದಷ್ಟೂ ಸಮತೋಲ ಚೆನ್ನಾಗಿದೆ ಎಂದು ಬರೆದರೆ ಸಾಕಲ್ಲವೇ?

ತಕ್ಕಡಿಮುಳ್ಳು · ಸೋಮವಾರ, ಬೆಳಿಗ್ಗೆ 9:48

ಸಾಲದು, ಈ ತಪ್ಪು ತಿಳಿವಳಿಕೆಯನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಎತ್ತರದ ಅಂಚಿನಲ್ಲಿ ನಿಲ್ಲಿಸಿದವರ ಓಲಾಟ ಕಿರಿದಾಗುತ್ತದೆ, ಜೊತೆಗೆ ಚುರುಕಾಗುತ್ತದೆ, ಏಕೆಂದರೆ ಅವರು ಭಯದಿಂದ ಪಾದದ ಕೀಲನ್ನು ಬಿಗಿಹಿಡಿದಿರುತ್ತಾರೆ. ಕಣ್ಣು ಮುಚ್ಚಿಸಿಕೊಂಡ ಹಿರಿಯರಲ್ಲೂ ಬೀಳುವ ಭಯ ಹಾಗೆಯೇ ಕೆಲಸ ಮಾಡಬಹುದು. ಅಂಥವರು ಬಿಗಿತ ಬಿಟ್ಟು ಸಹಜವಾಗಿ ನಿಲ್ಲತೊಡಗಿದಾಗ ಓಲಾಟ ತುಸು ಹೆಚ್ಚುವುದೂ ಸುಧಾರಣೆಯೇ ಇರಬಹುದು. ಹೇಳುವ ಮಾತೂ ಅಳತೆಯನ್ನು ಬದಲಿಸುತ್ತದೆ. "ಅಲುಗಾಡದೆ ನಿಲ್ಲಿ" ಎಂಬುದಕ್ಕೂ "ಆರಾಮವಾಗಿ ನಿಲ್ಲಿ" ಎಂಬುದಕ್ಕೂ ದೇಹ ಬೇರೆ ಬೇರೆಯಾಗಿ ಉತ್ತರಿಸುತ್ತದೆ. ಒಂದು ವಾಕ್ಯವನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಪ್ರತಿ ಬಾರಿಯೂ ಅದನ್ನೇ ಓದಿರಿ.

ಕಾಳಜಿಯ_ಮಗ · ಸೋಮವಾರ, ರಾತ್ರಿ 10:20

ನಾನು ವೈದ್ಯನಲ್ಲ, ತಂದೆಯನ್ನು ನೋಡಿಕೊಳ್ಳುತ್ತಿರುವವನು. ಸೆಕೆಂಡು ಏನೇ ಇರಲಿ, ರಾತ್ರಿ ಬಚ್ಚಲಿಗೆ ಅವರನ್ನು ಒಬ್ಬರೇ ಕಳುಹಿಸಬಹುದೇ ಎಂಬುದಷ್ಟೇ ನಮ್ಮಂಥವರ ಪ್ರಶ್ನೆ.

ನರಮಂಡಲ · ಸೋಮವಾರ, ರಾತ್ರಿ 10:45

ಆ ಪ್ರಶ್ನೆಗೆ ನಿಂತ ಸಮತೋಲದ ಒಂದೇ ಅಳತೆಯಿಂದ ಉತ್ತರ ಸಿಗುವುದಿಲ್ಲ, ತಮ್ಮಾ. ಕಣ್ಣು ಮುಚ್ಚಿದಾಗ ತೂರಾಡುತ್ತಾರೆ ಎಂದು ಗೊತ್ತಾದ ದಿನವೇ ಬಚ್ಚಲಿನ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪವನ್ನೂ ಗೋಡೆಗೆ ಹಿಡಿಕೆಯನ್ನೂ ಹಾಕಿಸಿ. ಕರೆಂಟು ಹೋಗುವ ಊರಾದರೆ ಬ್ಯಾಟರಿಯ ದೀಪವಿರಲಿ. ಅಳತೆ ಪಕ್ಕಾ ಆಗುವವರೆಗೆ ಕಾಯಬೇಡಿ.

ಹೆಜ್ಜೆಗುರುತು · ಮೂರು ವಾರಗಳ ನಂತರ, ಭಾನುವಾರ, ಸಂಜೆ 6:30

ಮತ್ತೆ ಬಂದಿದ್ದೇನೆ. ಪ್ರತಿ ರೋಗಿಯ ಪಾದದ ಗುರುತನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ಹೆಸರು ಹಾಕಿ, ಸುರುಳಿ ಸುತ್ತಿ ಇಟ್ಟಿದ್ದೇನೆ. ಪ್ರತಿ ಬಾರಿಯೂ ಅದೇ ಗುರುತಿನ ಮೇಲೆ ನಿಲ್ಲಿಸುತ್ತೇನೆ. ಕೋಣೆಯ ನಡುವೆ, ಫ್ಯಾನು ಆರಿಸಿ, ಕಪ್ಪು ಬಟ್ಟೆಯ ಕಣ್ಣುಪಟ್ಟಿ ಕಟ್ಟಿ, ಮನಸ್ಸಿನಲ್ಲೇ ಎಣಿಸುತ್ತೇನೆ. ಮೊದಲ ಬಾರಿಯನ್ನು ಅಭ್ಯಾಸವೆಂದು ಬಿಟ್ಟು, ಮುಂದಿನ ನಾಲ್ಕನ್ನು ಬರೆದುಕೊಳ್ಳುತ್ತೇನೆ. ಆ ಹಿರಿಯರ ಅಂಕಿಗಳು ಮೊದಲ ವಾರ 9, 12, 11, 12. ನಿನ್ನೆ 12, 14, 11, 13. ಸರಾಸರಿ 11ರಿಂದ 12.5ಕ್ಕೆ ಏರಿದೆ. ಇದನ್ನು ಸುಧಾರಣೆ ಎಂದು ಅವರ ಮಗನಿಗೆ ಹೇಳಲಿಲ್ಲ. ಅಳತೆ ಈಗ ಸ್ಥಿರವಾಗಿದೆ, ವ್ಯಾಯಾಮದ ಫಲ ತಿಳಿಯಲು ಇನ್ನೂ ಆರು ವಾರ ಬೇಕು ಎಂದೆ. ಅವರಿಗೆ ಬೇಸರವಾದಂತೆ ಕಂಡಿತು, ಆದರೆ ಒಪ್ಪಿಕೊಂಡರು. ಬಿ12 ಪರೀಕ್ಷೆಗೂ ಬರೆದುಕೊಟ್ಟಿದ್ದೇನೆ.

ಸರಾಸರಿ · ಭಾನುವಾರ, ಸಂಜೆ 6:52

ಅಂಕಿಗಳು ಎಷ್ಟು ಹತ್ತಿರ ಬಂದಿವೆ ನೋಡಿ! 11ರಿಂದ 27ರವರೆಗೆ ಹರಡಿದ್ದವು ಈಗ ನಾಲ್ಕೈದು ಸೆಕೆಂಡಿನೊಳಗೆ ಸೇರಿವೆ.

ಬೆಳಕಿನಾಚೆ · ಭಾನುವಾರ, ರಾತ್ರಿ 7:20

ಬಹಳ ಸಂತೋಷ, ಮೇಡಂ. ಒಂದು ಮಾತು ಕೇಳುತ್ತೇನೆ. ಕಣ್ಣುಪಟ್ಟಿ ಕಟ್ಟುವ ಮೊದಲು ಅವರಿಗೆ ಕುರ್ಚಿಗಳು ಎಲ್ಲಿವೆ, ನೀವು ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಲು ಬಿಟ್ಟಿದ್ದಿರಾ? ಗೊತ್ತಿಲ್ಲದ ಕತ್ತಲೆಯಲ್ಲಿ ನಿಲ್ಲುವುದೇ ಬೇರೆ, ಗೊತ್ತಿರುವ ಕತ್ತಲೆಯಲ್ಲಿ ನಿಲ್ಲುವುದೇ ಬೇರೆ.

ಹೆಜ್ಜೆಗುರುತು · ಭಾನುವಾರ, ರಾತ್ರಿ 7:34

ಬಿಟ್ಟಿರಲಿಲ್ಲ, ಸರ್. ನಾಳೆ ಹತ್ತು ಗಂಟೆಗೆ ಹೊಸಬರೊಬ್ಬರು ಬರುತ್ತಾರೆ. ಅವರಿಂದಲೇ ಆರಂಭಿಸುತ್ತೇನೆ.